ಮೇಲೆ ನೀನು, ಕೆಳಗೆ ನಿನ್ನ ಗೆಳೆಯ

ಚಿತ್ತವಾಡ್ಗಿ, ಹೊಸಪೇಟೆ
ಕಾರಹುಣ್ಣಿಮೆಯ ಮರುದಿನ, 22 ಜೂನ್ 2024

ಪ್ರೀತಿಯ ಉಚ್ಚೆಂಗಣ್ಣನಿಗೆ,

ನಿನ್ನ ತಂಗಿ ಗಂಗೋತ್ರಿಯ ನಮಸ್ಕಾರ. ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ನಾಲ್ಕು ವರ್ಷವಾಯಿತು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವುದು ಏರ್‌ಫೋರ್ಸಿನವರಿಗೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಲ್ಲಿ ನಾನು, ನನ್ನ ಮಗ ವಿರು ಕ್ಷೇಮ. ನಿನ್ನ ಗೆಳೆಯ, ನನ್ನ ಗಂಡನೂ ಕ್ಷೇಮ ಎಂದು ಬರೆಯಲು ಹೋಗಿ ಕೈ ನಿಂತಿತು. ಜಂಬುನಾಥ ಅವರು ಸಬ್‌ಮರೀನ್ ಹತ್ತಿ ಮೂರು ತಿಂಗಳು ಕಳೆದವು. ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳಬಾರದು. ನಾನು ಬರೆದ ಕಾಗದಗಳೆಲ್ಲ ದಂಡೆಯ ಆಫೀಸಿನಲ್ಲಿ ಕಟ್ಟಾಗಿ ಕೂತಿವೆ. ಬಂದ ಮೇಲೆ ಒಟ್ಟಿಗೆ ಓದಿಕೊಳ್ಳುತ್ತಾರೆ. ಅಷ್ಟರೊಳಗೆ ವಿರುವಿನ ಜ್ವರ ಬಂದು, ಹೋಗಿ, ಮರೆತೂ ಹೋಗಿರುತ್ತದೆ.

ಉಗಾದಿಗೆ ನೀನು ಎಮ್ಮಿಗನೂರಿಗೆ ಬಂದಾಗ ನಾನು ಆ ಕಡೆ ಸುಳಿಯಬಾರದೆಂದು ಅವ್ವನಿಗೆ ಹೇಳಿದ್ದೆಯಂತೆ. ಸುಳಿಯಲಿಲ್ಲ. ನೀನು ಹೊರಟ ಮರುದಿನ ಹೋಗಿ, ನೀನು ಬಿಟ್ಟುಹೋದ ಲುಂಗಿಯನ್ನು ನಾನೇ ಒಗೆದು ಹಾಕಿದೆ.

ಊಟಕ್ಕೆ ಕೂತಾಗ ನಿನ್ನ ಕೆಲಸದ ಬಗ್ಗೆ ಹೇಳಿದೆಯಂತೆ. ಸಬ್‌ಮರೀನ್ ಆಳದಲ್ಲಿದ್ದರೆ ಹುಡುಕುವುದು ಕಷ್ಟ. ಆದರೆ ಬಂದರು ಬಿಡುವಾಗ, ಮರಳುವಾಗ ನೀರಿನ ಮೇಲೆ ಬೆನ್ನು ಕಾಣಿಸಿಕೊಂಡೇ ಸಾಗಬೇಕು. ಆಗ ನಿಮ್ಮ ವಿಮಾನ ಮೇಲೆ ಸುತ್ತುತ್ತ ಕಾಯುತ್ತದೆ, ನೀನು ಒಳಗೆ ರೇಡಾರಿನ ಮುಂದೆ ಕೂತಿರುತ್ತೀ. ಇದಕ್ಕಾಗಿ ನೇವಿಯವರೂ ನೀವೂ ಮೊದಲೇ ಒಂದು ಮೇಜಿಗೆ ಕೂತು ದಾರಿ, ಹೊತ್ತು ಎಲ್ಲ ಗೊತ್ತು ಮಾಡಿಕೊಳ್ಳಬೇಕಂತೆ. "ಒಬ್ರಿಗೊಬ್ರು ಹೇಳದ ಹೋದ್ರ ನಮ್ಮೋರ ನಮ್ಮೋರ ಮ್ಯಾಲೆ ಗುಂಡು ಹಾರಸ್ತಾರ ಬೇ" ಎಂದೆಯಂತೆ. ಅವ್ವ ತಡೆಯಲಾರದೆ "ಹಂಗಾರ ನಮ್ಮ ಜಂಬುನಾಥನ್ನ ಕಾಯಾಕ ನೀನ ಹೋಗಿದ್ದೇನಪಾ?" ಎಂದು ಕೇಳಿದಳು. ನೀನು ಅರ್ಧ ಹೋಳಿಗೆ ಬಿಟ್ಟು ಕೈ ತೊಳೆದೆಯಂತೆ. ಪಾಪ, ಆ ಹೋಳಿಗೆ ಏನು ಮಾಡಿತ್ತು?

ಅದನ್ನು ಕೇಳಿದಾಗಿನಿಂದ, ಮೇಲೆ ಸದ್ದಾದರೆ ಅದು ತೋರಣಗಲ್ಲಿನ ಏರ್‌ಪೋರ್ಟಿಗೆ ಇಳಿಯುವ ವಿಮಾನವೆಂದು ಗೊತ್ತಿದ್ದೂ ಅಂಗಳಕ್ಕೆ ಓಡುತ್ತೇನೆ. ವಿರು "ಮಾಮಾ" ಎಂದು ಕೈ ಬೀಸುತ್ತಾನೆ. ನಾನೇ ಕಲಿಸಿದ್ದು. ಕೆಳಗೆ ಹೋಗುವವರು ಯಾರೆಂದು ನಿನಗೆ ಗೊತ್ತಿಲ್ಲ, ಮೇಲೆ ಕಾಯುವವನು ಯಾರೆಂದು ಅವರಿಗೆ ಗೊತ್ತಿಲ್ಲ. ಅವರು ಹೊರಟ ದಿನ ಮೇಲೆ ನೀನಿದ್ದೆಯೋ ಇಲ್ಲವೋ ನಾನು ಕೇಳುವುದಿಲ್ಲ, ನೀನು ಹೇಳಲೂಬಾರದು. ಇದ್ದೆ ಎಂದು ನಾನು ನಂಬಿಕೊಂಡರೆ ಸರ್ಕಾರಕ್ಕೇನು ನಷ್ಟ?

ಕಂಪ್ಲಿ ಸೇತುವೆಯ ಕೆಳಗೆ ನೀವಿಬ್ಬರೂ ಮುಳುಗುವ ಪಂದ್ಯ ಕಟ್ಟುತ್ತಿದ್ದಿರಿ. ಒಬ್ಬ ಮುಳುಗಿದರೆ ಇನ್ನೊಬ್ಬ ಬಂಡೆಯ ಮೇಲೆ ನಿಂತು ಅರವತ್ತು ಎಣಿಸಬೇಕು, ಆಮೇಲೆ ಹಾರಬೇಕು. ಅಂಗಿ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ನೀನು ಒಮ್ಮೆಯೂ ಅರವತ್ತರ ತನಕ ತಾಳಲಿಲ್ಲ. ಒಂದು ದಿನ ನಲವತ್ತಕ್ಕೇ ಹಾರಿ, ಎಳೆದು ತಂದು, "ಸತ್ತಿ ಅನ್ಕಂಡ್ನಲ್ಲಲೇ" ಎಂದು ಅವರ ಕಪಾಳಕ್ಕೆ ಬಾರಿಸಿ ನೀನೇ ಅತ್ತಿದ್ದೆ. ಅಂಥ ಸ್ನೇಹ.

ನಿನ್ನ ಸಿಟ್ಟು ನಮ್ಮ ಮದುವೆಯ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ ಎಂದು ಬಲ್ಲೆ. ವಾರಕ್ಕೊಮ್ಮೆ ಗಂಟೆಗಟ್ಟಲೆ ಫೋನಿನಲ್ಲಿ ಹರಟುತ್ತಿದ್ದ ಗೆಳೆಯ ಇದೊಂದನ್ನು ಹೇಳಲಿಲ್ಲ. ರಿಜಿಸ್ಟರ್ ಮದುವೆಯ ಫೋಟೋವನ್ನು ಕುರೆಕುಪ್ಪದ ಯಾರೋ ವಾಟ್ಸಾಪಿನಲ್ಲಿ ಕಳಿಸಿ ಶುಭಾಶಯ ಹೇಳಿದಾಗಲೇ ನಿನಗೆ ತಿಳಿದದ್ದು. ಜಂಬುನಾಥ ಅವರು ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೆ ನಾನೇನು ಹೇಳಲಿ?

ಈಗ ವಿಷಯಕ್ಕೆ ಬರುತ್ತೇನೆ. ಚೌತಿಗೆ ವಿರುವಿಗೆ ಮೂರು ತುಂಬುತ್ತದೆ, ಇನ್ನೂ ಜವಳ ಆಗಿಲ್ಲ. ಮೊದಲ ವರ್ಷವೇ ಮಾಡಬೇಕಿತ್ತು, ನೀನು ಬರಲಿಲ್ಲ. ಹುಟ್ಟುಗೂದಲು ಭುಜ ದಾಟಿ ಇಳಿದಿದೆ; ಎರಡು ಜಡೆ ಹಾಕಿ ಅಂಗನವಾಡಿಗೆ ಕಳಿಸುತ್ತೇನೆ. ಹೊಸ ಟೀಚರು ಅವನನ್ನು ಹೆಣ್ಣುಮಕ್ಕಳ ಸಾಲಿನಲ್ಲಿ ಬರೆದುಕೊಂಡಿದ್ದರು. ಪಕ್ಕದ ಮನೆಯ ಎರ್ರೆಮ್ಮಜ್ಜಿ ದಿನಾ ಒಂದೇ ರಾಗ: "ಮಾವ ಬರಂಗಿಲ್ಲಂದ್ರ ಬ್ಯಾರೆ ಯಾರ್ದರ ತೊಡಿ ಮ್ಯಾಲೆ ಕುಂದ್ರಿಸಿ ಮುಗಿಸಬೇ, ಕೂಸಿನ ತಲಿ ಬೆವತು ಹೋಗೇತಿ." ಸಂಡೂರಿನಲ್ಲಿ ಚಿಕ್ಕಪ್ಪನ ಮಕ್ಕಳಿದ್ದಾರೆ, ಕರೆದರೆ ಓಡಿ ಬಂದಾರು. ನನಗೆ ಮನಸ್ಸಿಲ್ಲ. ವಿರು ಕೂರಬೇಕಾದದ್ದು ನಿನ್ನ ತೊಡೆಯ ಮೇಲೆ, ಮೊದಲ ಕತ್ತರಿ ನಿನ್ನದು.

ಶ್ರಾವಣದ ಮೂರನೆಯ ಸೋಮವಾರ, ಜಂಬುನಾಥಸ್ವಾಮಿ ಗುಡ್ಡದ ಗುಡಿಯಲ್ಲಿ ಎಂದು ಗೊತ್ತು ಮಾಡಿದ್ದೇನೆ. ಅಷ್ಟರೊಳಗೆ ಅವರು ಬರುತ್ತಾರೋ ಇಲ್ಲವೋ ತಿಳಿಯದು. ಅಪ್ಪ ಇಲ್ಲದೆಯೂ ಜವಳ ನಡೆದೀತು, ಸೋದರಮಾವ ಇಲ್ಲದೆ ಬೇಡ. ಅಣ್ಣಾ, ನಿನ್ನನ್ನು ನೋಡಬೇಕು ಅನಿಸುತ್ತದೆ. ಬೈಯುವುದಿದ್ದರೆ ಎದುರಿಗೆ ನಿಂತು ಬೈ, ಆ ದನಿಯನ್ನಾದರೂ ಕೇಳುತ್ತೇನೆ.

ನಿನ್ನ ದಾರಿ ನೋಡುತ್ತಿರುವ ತಂಗಿ,
ಗಂಗೋತ್ರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟೆ. ನಿನಗೆ ಹೇಳಬಾರದೆಂದು ಅವರಿಂದ ಆಣೆ ಹಾಕಿಸಿಕೊಂಡವಳು ನಾನು. ಆದರೂ ಮೂರು ಸಲ ನಿನಗೆ ಫೋನ್ ಹಚ್ಚಿದ್ದರು, ಮೂರು ಸಲವೂ ಕೈಯಿಂದ ಕಿತ್ತುಕೊಂಡೆ. ನೀನು ಬೇಡ ಎಂದಿದ್ದರೆ ಅವರು ನನ್ನನ್ನು ಬಿಟ್ಟು ನಿನ್ನ ಮಾತು ಉಳಿಸುತ್ತಿದ್ದರು. ಆ ಭಯ ನನಗಿತ್ತು. ನಾಲ್ಕು ವರ್ಷ ನಿನ್ನ ಸಿಟ್ಟನ್ನು ತಾವೇ ಹೊತ್ತರು, ನನ್ನ ಹೆಸರು ಎತ್ತಲಿಲ್ಲ. ಇದನ್ನು ಓದಿ ನೀನು ಜವಳಕ್ಕೆ ಬಾರದಿದ್ದರೂ ಸರಿ, ನನ್ನ ಮುಖ ನೋಡದಿದ್ದರೂ ಸರಿ. ಅವರು ದಂಡೆ ಮುಟ್ಟಿದ ದಿನ ಅವರಿಗೊಂದು ಫೋನ್ ಮಾಡು.