ಗಾಡಿಯ ಹೊಟ್ಟೆಗೋ, ಮೂತಿಗೋ

ಟ್ಯಾಮರಾಕ್ ಓಣಿ, ಕೀವಿನಾ
ಫೆಬ್ರವರಿ 11

ಪ್ರೀತಿಯ ಆರ್ವಿಡ್,

ನಿನ್ನ ಪತ್ರ ತಲುಪಿತು. ಲಕೋಟೆ ಒಡೆದಾಗ ಒಳಗಿಂದ ಚಿಟಿಕೆಯಷ್ಟು ಮರಳು ಮೇಜಿನ ಮೇಲೆ ಉದುರಿತು. ಅದನ್ನು ಒರೆಸಲು ಮನಸ್ಸಾಗಲಿಲ್ಲ. ಅಂಗಿಯ ತೋಳು ಮಡಚಿಕೊಂಡು ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದೇನೆ ಎಂದು ನೀನು ಬರೆದ ಸಾಲನ್ನು ಓದಿ ಕಿಟಕಿಯ ಹೊರಗೆ ನೋಡಿದೆ. ಗಾಳಿಯೇ ಇರಲಿಲ್ಲ. ಹಿಮದ ಹೂಗಳು ಇಳಿಯಲೋ ಬೇಡವೋ ಎಂಬಂತೆ ಅಂಗಳದ ಮೇಲೆ ತೇಲಾಡುತ್ತಿದ್ದವು. ನಿನ್ನ ಅರಿಜೋನಾದ ಮರುಭೂಮಿಯೂ ನನ್ನ ಅಂಗಳವೂ ಒಂದೇ ಮೌನದ ಎರಡು ಬಣ್ಣಗಳೇನೋ ಅನ್ನಿಸಿತು.

ಹೊರಡುವಾಗ ನೀನು ಹೇಳಿದ ಮಾತು ಮರೆತಿಲ್ಲ. "ಈ ಹಿಮ ಸಾಕಾಯ್ತು ಲೋರ್ನಾ. ನೀನು ಒಂದು ಚಳಿಗಾಲ ಒಬ್ಬಳೇ ಇದ್ದು ನೋಡು. ಆಗಲ್ಲ ಅನ್ನಿಸಿದ್ರೆ ಯೂಮಾಗೆ ಬಂದ್ಬಿಡು" ಅಂದಿದ್ದೆ. ಹಿಮ ತಳ್ಳುವ ಬ್ಲೇಡಿದ್ದ ನಿನ್ನ ಪಿಕಪ್ಪನ್ನೂ ಮಾರಿ ಹೋದೆ. ಉಳಿದದ್ದು ನೀನು ಬೇಟೆಗೆ ಒಯ್ಯುತ್ತಿದ್ದ ಕೆಂಪು ಎಟಿವಿ, ಆ ನಾಲ್ಕು ದಪ್ಪ ಚಕ್ರದ ಪುಟ್ಟ ಗಾಡಿ ಮಾತ್ರ. ಓಣಿಯ ಕೊನೆಯ ಮನೆಗೆ ಬ್ರೆಟ್ ಮತ್ತು ಟೆಸ್ಸಾ ಬಂದಿದ್ದಾರಲ್ಲ, ಅವನು ಮರ ಕಡಿಯುವ ಕೆಲಸಕ್ಕೆ ಹೋದರೆ ವಾರಗಟ್ಟಲೆ ಕಾಡಿನಲ್ಲೇ ಇರುತ್ತಾನೆ. ಅವಳಿಗೆ ಮೊದಲ ಬಸಿರು. ದಾರಿ ಬಿಡಿಸುವವಳು ನಾನೊಬ್ಬಳೇ ಎಂದು ಅಕ್ಟೋಬರಿನಲ್ಲೇ ಗೊತ್ತಾಗಿತ್ತು.

ಡೆಲ್ಬರ್ಟನ ಗಾಡಿ ಸಾಮಾನಿನ ಅಂಗಡಿಗೆ ಹೋದೆ. ಎಟಿವಿಗೆ ಬ್ಲೇಡ್ ಬೇಕು ಅಂದೆ. ಬ್ಲೇಡ್ ಯಾವುದಾದರೂ ಆದೀತು, ಅದನ್ನು ಗಾಡಿಗೆ ಎಲ್ಲಿ ಜೋಡಿಸುವುದು ಅನ್ನುವುದೇ ಮುಖ್ಯ ಅಂದ ಅವನು.

"ಹೊಟ್ಟೆಗೆ ಕಟ್ಟಿದ್ರೆ ಗಟ್ಟಿ. ಕಲ್ಲಿಗೆ ಬಡಿದ್ರೂ ಪೆಟ್ಟು ಇಡೀ ಗಾಡಿಗೆ ಹಂಚಿಹೋಗುತ್ತೆ. ಆದ್ರೆ ಹಾಕೋಕೆ ತೆಗೆಯೋಕೆ ಅಡಿಗೆ ತೂರಬೇಕು. ಬ್ಲೇಡ್ ಹೆಚ್ಚು ಎತ್ತರಕ್ಕೂ ಏಳಲ್ಲ. ಮೂತಿಗೆ ಕಟ್ಟಿದ್ರೆ ಸಲೀಸು. ಗಾಡಿನ ಮುಂದಕ್ಕೆ ತಂದು ಸಿಕ್ಕಿಸಿದ್ರಾಯ್ತು. ಎತ್ತರಕ್ಕೂ ಏಳುತ್ತೆ. ಆದ್ರೆ ಬಡಿತ ಎಲ್ಲಾ ಮೂತಿಗೇ ಬೀಳುತ್ತೆ."

"ನಿಮ್ಗೇನು ಅನ್ಸುತ್ತೆ?" ಅಂದೆ.

"ಹಿಮ ತಳ್ಳೋರು ನೀವು. ನನ್ನ ಕೇಳಿದ್ರೆ ಎರಡನ್ನೂ ಮಾರ್ತೀನಿ" ಎಂದು ನಕ್ಕ.

ನೀನು ಯಾವತ್ತೋ ಹೇಳಿದ್ದು ಕಿವಿಯಲ್ಲಿತ್ತು. "ಹೊಟ್ಟೆಗೆ ಕಟ್ಟಿದ್ದೇ ಜೋಡಣೆ, ಮಿಕ್ಕಿದ್ದೆಲ್ಲಾ ಆಟದ ಸಾಮಾನು." ಹೊಟ್ಟೆಗೇ ಹಾಕಿಸಿದೆ. ನೀನು ಎರಡು ಸಾವಿರ ಮೈಲಿ ದೂರ ಹೋದ ಮೇಲೂ ಅಂಗಡಿಯಲ್ಲಿ ಆರಿಸಿದವನು ನೀನೇ.

ಮೊದಲ ತಿಂಗಳು ಸ್ವಪ್ನದ ಹಾಗಿತ್ತು. ಬೆಳಕು ಇನ್ನೂ ನೀಲಿಯಾಗಿರುವಾಗಲೇ ಹೊರಬೀಳುತ್ತಿದ್ದೆ. ಬ್ಲೇಡಿನ ಮುಂದೆ ಹಿಮ ಸುರುಳಿ ಸುರುಳಿಯಾಗಿ ಏಳುತ್ತಿತ್ತು, ಪಕ್ಕಕ್ಕೆ ಹೊರಳಿ ಮಲಗುತ್ತಿತ್ತು. ಗಾಡಿಯ ಸದ್ದು ಕೂಡ ನನ್ನದಲ್ಲ, ಎಲ್ಲೋ ದೂರದ್ದು ಅನ್ನಿಸುತ್ತಿತ್ತು. ಯಾರೋ ನಿದ್ದೆಯಲ್ಲಿರುವವರ ಹೊದಿಕೆಯನ್ನು ಎಬ್ಬಿಸದಂತೆ ಸರಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಅಷ್ಟು ಸುಖವನ್ನು ನಾನು ನಿನಗೆ ಬರೆಯಲೇ ಇಲ್ಲ. ಬರೆದರೆ ನಿನ್ನನ್ನು ಅಣಕಿಸಿದಂತಾಗುತ್ತದೇನೋ ಎಂಬ ಅಳುಕು.

ಜನವರಿಯಲ್ಲಿ ಸ್ವಪ್ನ ಕೆಟ್ಟಿತು. ಓಣಿಯ ಎರಡೂ ಬದಿಯ ಹಿಮದ ಗೋಡೆ ನನ್ನ ಎದೆಯೆತ್ತರ ಬೆಳೆಯಿತು. ಬ್ಲೇಡ್ ಮೊಣಕಾಲಿನವರೆಗೂ ಏಳುತ್ತಿರಲಿಲ್ಲ. ತಳ್ಳಿದ ಹಿಮವನ್ನು ರಾಶಿಯ ಮೇಲೆ ಏರಿಸಲಾಗದೆ ದಾರಿಯೊಳಗೇ ಬಿಡಬೇಕಾಗುತ್ತಿತ್ತು. ದಿನದಿನಕ್ಕೂ ಓಣಿ ಕಿರಿದಾಯಿತು. ಒಂದು ಮಧ್ಯಾಹ್ನ ಬ್ಲೇಡಿನ ಒಂದು ಪಿನ್ನು ಜಾರಿಬಿತ್ತು. ಸರಿಪಡಿಸಲು ಗಾಡಿಯಡಿ ತೂರಿದೆ. ಬೆನ್ನಿನ ಕೆಳಗೆ ಹಿಮ ಕರಗುತ್ತಿತ್ತು, ಬೆರಳು ಮರಗಟ್ಟಿದ್ದವು, ಪಿನ್ನು ತೂತಿಗೆ ಕೂರುತ್ತಿರಲಿಲ್ಲ. ಅಲ್ಲೇ ಮಲಗಿ ಅತ್ತೆ, ಆರ್ವಿಡ್. ಒಳಗೆ ಬಂದು ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ತೆಳು ಹತ್ತಿಯ ಬಟ್ಟೆಗಳನ್ನು ಮಡಚಿಟ್ಟೆ.

ಆ ಹೊತ್ತಿಗೆ ಟೆಸ್ಸಾ ಬಂದಳು. ಏಲಕ್ಕಿ ಹಾಕಿದ ಬ್ರೆಡ್ಡು ಬೇಯಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ, ಆ ಹೊಟ್ಟೆ ಹೊತ್ತುಕೊಂಡು ನಡೆದೇ ಬಂದಿದ್ದಳು. ಸೂಟ್‌ಕೇಸ್ ನೋಡಿ ಬಾಗಿಲಲ್ಲೇ ನಿಂತಳು.

"ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲಮ್ಮ. ಹಳೇ ಬಟ್ಟೆ ನೋಡ್ತಿದ್ದೆ."

"ಅರಿಜೋನಾದಲ್ಲಿ ಹಾಕ್ಕೊಳ್ಳೋ ಬಟ್ಟೆ ಅದು" ಅಂದಳು. ಕಳ್ಳಿ, ಎಲ್ಲಾ ಗೊತ್ತು ಅವಳಿಗೆ. "ನೀವು ಹೋಗಿ, ಬೇಡ ಅನ್ನೋಕೆ ನಾನ್ಯಾರು. ಹೋಗೋ ಮುಂಚೆ ಒಂದ್ಮಾತು ಹೇಳ್ಬಿಡಿ, ನಾನು ಪಟ್ಟಣದಲ್ಲಿ ರೂಮು ಹುಡುಕ್ಕೋತೀನಿ."

ಬ್ರೆಡ್ಡು ಇನ್ನೂ ಬಿಸಿಯಿತ್ತು. ಇಬ್ಬರೂ ಕೂತು ತಿಂದೆವು. ಅವಳು ಹೊರಟ ಮೇಲೆ ಬಟ್ಟೆಗಳನ್ನು ಕಪಾಟಿಗೆ ಹಿಂದಿರುಗಿಸಿದೆ.

ಮರುದಿನ ಡೆಲ್ಬರ್ಟನ ಬಳಿ ಹೋಗಿ, ಇದನ್ನು ಬಿಚ್ಚಿ ಮೂತಿಗೆ ಕಟ್ಟಿ ಅಂದೆ.

"ಆರ್ವಿಡ್‌ಗೆ ಗೊತ್ತಾದ್ರೆ ಅಲ್ಲಿಂದ್ಲೇ ಬೈತಾನೆ" ಅಂದ.

"ಬೈಲಿ. ಬೈಯೋಕಾದ್ರೂ ಫೋನ್ ಮಾಡ್ತಾನೆ" ಅಂದೆ.

ನಾನೂ ನಕ್ಕುಬಿಟ್ಟೆ. ಬಹಳ ದಿನಗಳಾಗಿದ್ದವು.

ಹೊಸ ಜೋಡಣೆಯಲ್ಲಿ ಗುಂಡಿ ಒತ್ತಿದರೆ ಬ್ಲೇಡ್ ನನ್ನ ಸೊಂಟದ ಹತ್ತಿರಕ್ಕೆ ಏಳುತ್ತದೆ. ಹಿಮವನ್ನು ರಾಶಿಯ ನೆತ್ತಿಗೆ ಒತ್ತಿ ಹಿಂದೆ ಸರಿಯಬಹುದು. ಕೆಲವೇ ದಿನಗಳಲ್ಲಿ ಓಣಿ ಮತ್ತೆ ಉಸಿರಾಡಿತು.

ಕಳೆದ ಗುರುವಾರ ಸರೋವರದ ಕಡೆಯಿಂದ ಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ ಮರ, ಬೇಲಿ, ಆಕಾಶ ಯಾವುದಕ್ಕೂ ಅಂಚೇ ಉಳಿದಿರಲಿಲ್ಲ. ಟೆಸ್ಸಾ ಫೋನ್ ಮಾಡಿದಳು.

"ಲೋರ್ನಾ, ನೀರು ಹೋಯ್ತು. ಆಂಬುಲೆನ್ಸಿಗೆ ಹೇಳಿದ್ದೀನಿ. ಓಣಿ ಬಾಯಿಗೆ ಬಂದು ನಿಂತಿದ್ಯಂತೆ, ಒಳಗೆ ಬರೋಕಾಗ್ತಿಲ್ವಂತೆ."

ದೊಡ್ಡ ರಸ್ತೆಯನ್ನು ಬಿಡಿಸುವ ಯಂತ್ರ ತಳ್ಳಿಹೋದ ಹಿಮ ಓಣಿಯ ಬಾಯಿಗೆ ಗೋಡೆ ಕಟ್ಟಿತ್ತು. ಒಳಗಿನಿಂದ ಗಾಡಿ ನುಗ್ಗಿಸಿದೆ. ಬ್ಲೇಡ್ ಎತ್ತಿ ಮೇಲಿನ ಅರ್ಧವನ್ನು ಕೆಡವಿದೆ, ಇಳಿಸಿ ಕೆಳಗಿನದನ್ನು ಪಕ್ಕಕ್ಕೆ ತಳ್ಳಿದೆ. ಮತ್ತೆ, ಮತ್ತೆ. ಕೊನೆಗೆ ಆಚೆಯಿಂದ ಕೆಂಪು ಬೆಳಕು ಕಂಡಿತು. ಚಾಲಕಿ ಕಿಟಕಿ ಇಳಿಸಿ, "ಮುಂದೆ ನಡೀರಿ, ಹಿಂದೇನೇ ಬರ್ತೀವಿ" ಎಂದು ಕೂಗಿದಳು.

ಆಮೇಲಿನದನ್ನು ಹೇಗೆ ಬರೆಯಲಿ? ನಾನು ಮುಂದೆ, ಆ ದೊಡ್ಡ ಗಾಡಿ ನಡಿಗೆಯ ವೇಗದಲ್ಲಿ ನನ್ನ ಹಿಂದೆ. ಅದರ ಬೆಳಕು ಹಿಮದಲ್ಲೆಲ್ಲ ಹರಡಿ, ನಾನು ಒಂದು ಗುಲಾಬಿ ಮೋಡದೊಳಗೆ ದಾರಿ ಬಿಡಿಸುತ್ತಿದ್ದೆ. ಹೆದರಿಕೆ ಇರಲಿಲ್ಲ. ನೆಲ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಹಿಮದಡಿ ಹೂತಿದ್ದ ಮರದ ಬುಡಕ್ಕೆ ಬ್ಲೇಡ್ ಬಡಿಯಿತು. ಹಲ್ಲು ಕಟಕಟಿಸಿತು, ಮುಂದಿನ ಚೌಕಟ್ಟು ಸೊಟ್ಟಗಾಯಿತು. ಹೊಟ್ಟೆಗೇ ಕಟ್ಟಬೇಕು ಎಂದ ನಿನ್ನ ಮಾತು ಸರಿ, ಆರ್ವಿಡ್. ಪೆಟ್ಟೆಲ್ಲ ಮೂತಿಗೇ ಬಿತ್ತು. ಆದರೂ ಗುಂಡಿ ಒತ್ತಿದಾಗ ಬ್ಲೇಡ್ ಎದ್ದಿತು. ಟೆಸ್ಸಾಳ ಬಾಗಿಲವರೆಗೂ ಎದ್ದಿತು.

ಹೆಣ್ಣು ಮಗು. ಮಧ್ಯಾಹ್ನಕ್ಕೆ ಆಸ್ಪತ್ರೆಯಲ್ಲಿ ಹುಟ್ಟಿತು. ಬ್ರೆಟ್ ಸಂಜೆಗೆ ಕಾಡಿನಿಂದ ಬಂದು ತಲುಪಿ, ಮಗುವನ್ನು ಎತ್ತಿಕೊಳ್ಳಲು ಹೆದರಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದನಂತೆ.

ನಿನಗೊಂದು ಉತ್ತರ ಬಾಕಿಯಿತ್ತು. ನಾನು ಯೂಮಾಗೆ ಬರುವುದಿಲ್ಲ. ಇದು ಹಟವಲ್ಲ, ನಿನ್ನ ಮೇಲಿನ ಸಿಟ್ಟೂ ಅಲ್ಲ. ನಿನಗೆ ಆ ಬಿಸಿಲು ಹೇಗೆ ಬೇಕೋ ನನಗೆ ಈ ಬೆಳಗುಗಳು ಹಾಗೇ ಬೇಕು. ನಿಂಬೆ ಹಣ್ಣಾದಾಗ ಒಂದು ಕಳಿಸು, ಚಹಕ್ಕೆ ಹಿಂಡಿಕೊಳ್ಳುತ್ತೇನೆ. ನೋಯುವ ನಿನ್ನ ಬೆನ್ನು ಜೋಪಾನ.

ಇಂದಿಗೂ ನಿನ್ನವಳೇ,
ಲೋರ್ನಾ

ತಾ.ಕ.: ಆಂಬುಲೆನ್ಸಿನ ಚಾಲಕಿ ಹೊರಡುವ ಮುಂಚೆ, "ಇಷ್ಟು ಚೆನ್ನಾಗಿ ಓಡ್ಸೋದು ಯಾರು ಕಲ್ಸಿದ್ರು?" ಎಂದು ಕೇಳಿದಳು. ನನ್ನ ಗಂಡ ಅಂದೆ. "ಎಲ್ಲಿದ್ದಾರೆ ಅವ್ರು?" ಅಂದಳು. ದಾರಿಯಲ್ಲಿದ್ದಾರೆ ಅಂದುಬಿಟ್ಟೆ. ಯಾಕೆ ಹಾಗಂದೆನೋ. ಅದನ್ನು ಸುಳ್ಳು ಮಾಡುವುದೋ ನಿಜ ಮಾಡುವುದೋ ನಿನಗೆ ಬಿಟ್ಟದ್ದು.