ನೀನು ಹೇಳಿದ ಸಿನಿಮಾದ ಕೊನೆ

ಅಜ್ಜಂಪುರ
9-3-2025, ಭಾನುವಾರ

ತಂಗಿ ಸರ್ವಮಂಗಳಳಿಗೆ,

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಬಂದವಳ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ಸರಿಯೇನೇ ಇದು? ತರೀಕೆರೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನೀನು ಬರುವುದಿಲ್ಲ. ಫೋನು ಮಾಡಿದರೆ ನಾನು ಬಾಯಿ ತೆಗೆಯುವಷ್ಟರಲ್ಲಿ “ಕೇಳ್ತಿಲ್ಲ ಕಣಕ್ಕಾ, ಸಿಗ್ನಲ್ ಇಲ್ಲ” ಅಂತ ಇಟ್ಟುಬಿಡುತ್ತೀ. ಮೂರು ಸಲ ಹಾಗೇ ಇಟ್ಟೆ ನೀನು. ನನ್ನ ಮೊಮ್ಮಗಳು ಕೃತಿಕಾಳ ಜೊತೆ ಮಾತಾಡುವಾಗ ಮಾತ್ರ ಗಂಟೆಗಟ್ಟಲೆ ಸಿಗ್ನಲ್ ಇರುತ್ತೆ ನಿನಗೆ. ಕಾಗದಕ್ಕೆ ಸಿಗ್ನಲ್ ಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಅಂತ ಕೆಂಪು ಪೆನ್ನು ಹಿಡಿಯಬೇಡ. ಮೇಷ್ಟ್ರಾಗಿ ರಿಟೈರಾದವಳು ನೀನು, ನಾನಲ್ಲ. ಸುಮ್ಮನೆ ಓದು.

ನಿನ್ನ ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆ ಇಟ್ಟುಕೊಂಡು ಕಂಡವರ ಮನೆಯಲ್ಲೆಲ್ಲ ಹೋಳಿಗೆ ತಿನ್ನುತ್ತೀಯಂತೆ. ತಿನ್ನಬೇಡ. ನನ್ನ ಸಿಟ್ಟು ಬೇರೆ, ಅದು ಬೇರೆ. ನಾನು ಚೆನ್ನಾಗಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಎರಡೂ ಕಣ್ಣಿನ ಪೊರೆ ತೆಗೆಸಿದರು. ಈಗ ಎದುರುಮನೆ ಬೀರಪ್ಪನ ಗೋಡೆಯ ಮೇಲಿನ ಹಲ್ಲಿಯೂ ಕಾಣುತ್ತೆ, ಅವನ ಸೊಸೆ ಕಸವನ್ನು ನಮ್ಮ ಕಡೆಗೆ ಗುಡಿಸುವುದೂ ಕಾಣುತ್ತೆ. ಒಲೆಯ ಹತ್ತಿರ ಸುಳಿಯಬೇಡ ಅಂತ ಮಗ ವಿಶ್ವನಾಥ ಕಟ್ಟುಮಾಡಿದ್ದಾನೆ. ಅವನ ಮಗಳು ಕೃತಿಕಾ, ಗಂಡ ಕೈ ಮಾಡಿದ ಅಂತ ಬೀರೂರಿನಿಂದ ಬಂದವಳು, ನಾಲ್ಕು ತಿಂಗಳಿಂದ ಇಲ್ಲೇ ಇದ್ದಾಳೆ, ನಿನಗೆ ಗೊತ್ತೇ ಇದೆ. ಕೆಲಸವಿಲ್ಲದ ಮುದುಕಿ ಒಬ್ಬಳು, ನಗುವುದನ್ನು ಬಿಟ್ಟ ಹುಡುಗಿ ಒಬ್ಬಳು. ಇಬ್ಬರೂ ಕೂತು ಸಿನಿಮಾ ನೋಡುವುದಕ್ಕೆ ಹಿಡಿದೆವು.

ಮೊದಲು ಹೊಸವನ್ನು ನೋಡಿದೆವು. ಒಂದು ಹೊಡೆದಾಟದ್ದು. ಹೀರೋ ನಲವತ್ತು ಜನರನ್ನು ಬಡಿದು ಮಲಗಿಸಿದ, ಅಂಗಿಯ ಇಸ್ತ್ರಿ ಮುರಿಯಲಿಲ್ಲ. ನಮ್ಮ ವಿಶ್ವನಾಥ ಒಂದು ಗೊಬ್ಬರದ ಮೂಟೆ ಇಳಿಸಿದರೆ ಅಂಗಿ ನೆಲ ಒರೆಸುವುದಕ್ಕೂ ಬರುವುದಿಲ್ಲ. ಇನ್ನೊಂದು ದೆವ್ವದ್ದು. ಎರಡೂವರೆ ಗಂಟೆ ಬರೀ ಕತ್ತಲೆ. ಪೊರೆ ಮತ್ತೆ ಬಂತೇನೋ ಅಂತ ನನಗೆ ಎದೆ ಹೊಡೆದುಕೊಂಡಿತು. ಕೃತಿಕಾ ಅಂದಳು, “ಕತ್ತಲೇ ಅದ್ರ ಸ್ಟೈಲು ಕಣಜ್ಜೀ.” ಕರೆಂಟು ಹೋದರೆ ನಮ್ಮ ಮನೆಯಲ್ಲೂ ಅದೇ ಸ್ಟೈಲು, ಅದಕ್ಕೆ ಸಿನಿಮಾ ಯಾಕೆ? ಪ್ರೀತಿಯದೂ ಒಂದು ನೋಡಿದೆ. ಹೆಬ್ಬೆ ಜಲಪಾತದಂಥ ಅಬ್ಬಿಯ ಕೆಳಗೆ ಆ ಹುಡುಗಿ ಹೂವಿನಂಥ ಸೀರೆ ಉಟ್ಟು ಕುಣಿದಳು, ಕಾಲಿಗೆ ಒಂದು ಜಿಗಣೆಯೂ ಹತ್ತಲಿಲ್ಲ. ನಗೆಯ ಸಿನಿಮಾದಲ್ಲಿ ದಪ್ಪಗಿರುವ ಹೆಂಗಸು ಕೆಸರಿಗೆ ಬೀಳುತ್ತಾಳೆ, ಎಲ್ಲರೂ ನಗುತ್ತಾರೆ. ಬಿದ್ದವಳನ್ನು ನೋಡಿ ನಗುವುದು ನಮ್ಮ ಸಂತೆಯಲ್ಲಿ ಪುಕ್ಕಟೆ ಸಿಗುತ್ತೆ. ಇವೆಲ್ಲ ನನಗೆ ಹಿಡಿಸಲಿಲ್ಲ, ಆದರೆ ಇವು ಯಾವುವೂ ನನಗೆ ಮೋಸ ಮಾಡಲಿಲ್ಲ. ಮೋಸ ಮಾಡಿದ್ದು ಹಳೆಯವು. ಹಳೆಯವೂ ಅಲ್ಲ, ನೀನು.

ನನಗೆ ಸಿನಿಮಾ ಅಂದರೆ ನೀನೇ ಆಗಿದ್ದೆ ಕಣೇ. ಹದಿನೇಳಕ್ಕೆ ಸಿಂಗಟಗೆರೆಗೆ ಕೊಟ್ಟರು. ಆ ಮನೆಯಲ್ಲಿ ಸಿನಿಮಾ ಅನ್ನುವ ಮಾತು ಆಡಿದರೆ ಅತ್ತೆ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದಳು. ನೀನು ಕಡೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ, ಮಾವನ ಹೆಂಡತಿ ಅತ್ತೆಮ್ಮನ ಜೊತೆ ಟಾಕೀಸಿಗೆ ಹೋಗುತ್ತಿದ್ದೆ. ಪ್ರತಿ ಬೇಸಿಗೆ ಹುಣಸೆಹಣ್ಣಿನ ಕಾಲಕ್ಕೆ ಇಬ್ಬರೂ ಅವ್ವನ ಮನೆಗೆ ಬರುತ್ತಿದ್ದೆವು. ನಾನು ಮರದ ಕೊಡತಿಯಲ್ಲಿ ಕುಟ್ಟಿ ಬೀಜ ಬಿಡಿಸುತ್ತಿದ್ದೆ, ನೀನು ನಾರು ತೆಗೆಯುತ್ತ ಕತೆ ಹೇಳುತ್ತಿದ್ದೆ. ಒಂದು ಮಂಕರಿ ಹಣ್ಣಿಗೆ ಒಂದು ಸಿನಿಮಾ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ಅಂದರೆ, ಮುಂದೆ ಮನೆಗೆ ಟೀವಿ ಬಂದಾಗ ಆ ಸಿನಿಮಾಗಳು ಹತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ಗೊತ್ತಿರುವ ಕತೆ ಏನು ನೋಡುವುದು, ತಂಗಿ ಹೇಳಿದ್ದಾಳಲ್ಲ ಅಂತ. ಎಂಥ ಹುಚ್ಚುಮುಂಡೆ ನಾನು.

ಈಗ ಕೃತಿಕಾ ಅವನ್ನೆಲ್ಲ ಫೋನಿನಲ್ಲಿ ಹುಡುಕಿ ಟೀವಿಗೆ ಹಾಕಿದಳು. ಎಸ್ಟೇಟು ಬಂಗಲೆಯ ದೆವ್ವದ ಸಿನಿಮಾ ಹೇಳಿದ್ದೆಯಲ್ಲ, ಕೊನೆಗೆ ಆ ಹೆಣ್ಣು ತನ್ನ ಮಗುವಿನ ತೊಟ್ಟಿಲು ತೂಗಿ ಸಮಾಧಾನವಾಗಿ ಹೊರಟುಹೋದಳು ಅಂತ. ನಾನು ಹುಣಸೆಕೈಯಲ್ಲೇ ಕಣ್ಣು ಒರೆಸಿಕೊಂಡು ಉರಿ ಹತ್ತಿಸಿಕೊಂಡಿದ್ದೆ. ನೋಡಿದರೆ ಅಲ್ಲಿ ದೆವ್ವವೂ ಇಲ್ಲ, ತೊಟ್ಟಿಲೂ ಇಲ್ಲ. ಮೇನೇಜರು ಬಿಳಿ ಸೀರೆ ಸುತ್ತಿಕೊಂಡು ಓಡಾಡುತ್ತಿದ್ದ! ಡಕಾಯಿತನ ಸಿನಿಮಾದಲ್ಲಿ ಮಗ ಶರಣಾಗಿ ಬಂದ, ತಾಯಿ ರೊಟ್ಟಿ ಬಡಿದು ಹಾಕಿದಳು ಅಂದಿದ್ದೆ. ಅಲ್ಲಿ ತಾಯಿಯೇ ಪೊಲೀಸಿನವರಿಗೆ ದಾರಿ ತೋರಿಸುತ್ತಾಳೆ, ಮಗ ಗುಂಡು ತಿಂದು ಸಾಯುತ್ತಾನೆ. ಮೊದಲು ನಗು ಬಂತು. ಅಕ್ಕನ ಮನಸ್ಸು ನೋಯದಿರಲಿ ಅಂತ ಸತ್ತವರನ್ನೆಲ್ಲ ಬದುಕಿಸಿದ್ದಾಳೆ, ಕಳ್ಳಿ, ಅಂದುಕೊಂಡೆ. ಅಲ್ಲಿಗೆ ನಿಲ್ಲಿಸಿದ್ದರೆ ನಿನಗೆ ಈ ಕಾಗದ ಬರುತ್ತಿರಲಿಲ್ಲ.

ಮೊನ್ನೆ ಶುಕ್ರವಾರ ಕೃತಿಕಾ ಹೊಲಿಗೆ ಮಿಷನ್ನಿನ ಸಿನಿಮಾ ಹಾಕಿದಳು.

ಯಾವುದು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತೇಳು ವರ್ಷದ ಹಿಂದೆ, ಕೃತಿಕಾಳ ವಯಸ್ಸೇ ನನಗೆ. ನಮ್ಮವರು ಹುಣಸೆ ಕುಟ್ಟುವ ಕೊಡತಿಯಲ್ಲೇ ಹೊಡೆದಿದ್ದರು. ಎಡಗಿವಿಯಲ್ಲಿ ರಕ್ತ, ಸೊಂಟದಲ್ಲಿ ವರ್ಷದ ವಿಶ್ವನಾಥ. ಅಜ್ಜಂಪುರಕ್ಕೆ ಬಂದು ಅವ್ವನ ಜಗುಲಿಯ ಮೇಲೆ ಕೂತು, ಇನ್ನು ಹೋಗುವುದಿಲ್ಲ ಅಂದೆ. ತರೀಕೆರೆಯಲ್ಲಿ ಮಹಿಳಾ ಸಮಾಜದವರು ಹೊಲಿಗೆ ಕಲಿಸುತ್ತಾರೆ ಅಂತ ಕೇಳಿ ಅರ್ಜಿ ಹಾಕಿದೆ. ನನಗೆ ಅರ್ಜಿ ಗಿರ್ಜಿ ಬರೆಯುವುದಕ್ಕೆ ಬಾರದು, ಬರೆದುಕೊಟ್ಟವಳು ನೀನೇ. “ಚೆನ್ನಾಗ್ ಹೊಲಿತೀಯ ಬಿಡಕ್ಕ, ನನ್ ಮದ್ವೆ ರವ್ಕೆ ನೀನೇ ಹೊಲಿ” ಅಂದವಳೂ ನೀನೇ. ನಿನ್ನ ಮದುವೆ ಆ ವೈಶಾಖಕ್ಕೆ ಗೊತ್ತಾಗಿತ್ತು. ನಾಲ್ಕು ದಿನ ಕಳೆದ ಮೇಲೆ ನೀನು ಹಿತ್ತಿಲಲ್ಲಿ ಮಂಕರಿ ಎಳೆದುಕೊಂಡು ಕೂತೆ, ಕತೆ ತೆಗೆದೆ. ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸು, ಹೊಲಿಗೆ ಕಲಿತು ಬದುಕುತ್ತಾಳೆ. ನಾನು ಕುಟ್ಟುವುದನ್ನು ನಿಲ್ಲಿಸಿ ಕೇಳಿದೆ. ಕೊನೆಗೆ ಗಂಡ ಬಾಗಿಲಿಗೆ ಬಂದು ಅತ್ತ, ಅವಳು ಅವನ ಕೈ ಹಿಡಿದುಕೊಂಡು ಹೊರಟಳು ಅಂತ ನೀನು ಅಂದೆ. ಆಮೇಲೆ ಏನಾಯಿತು ಅಂತ ನಾನು ಕೇಳಿದೆ. ನೀನು ನಾರು ಬಿಡಿಸುತ್ತಲೇ, ತಲೆ ಎತ್ತದೆ ಅಂದೆ: “ಆಮೇಲೆ ಅವ್ನು ಕೈ ಎತ್ತಲೇ ಇಲ್ಲ ಕಣಕ್ಕಾ.”

ಆ ಸೋಮವಾರ ನಮ್ಮವರು ಬಂದು ಬಾಗಿಲಲ್ಲಿ ನಿಂತರು. ಅಳಲಿಲ್ಲ. ಆದರೂ ಬಾಗಿಲು ಅದೇ, ನಿಂತ ರೀತಿ ಅದೇ ಅನ್ನಿಸಿತು. ಮಗುವನ್ನು ಎತ್ತಿಕೊಂಡು ಹಿಂದೆ ಹೋದೆ. ಆಮೇಲೆ ಹದಿನೆಂಟು ವರ್ಷ ಕೈ ಎತ್ತಿದರು, ಅವರಿಗೆ ಲಕ್ವ ಹೊಡೆಯುವವರೆಗೂ. ಎಡಗಿವಿ ಇವತ್ತಿಗೂ ಕೇಳುವುದಿಲ್ಲ.

ಶುಕ್ರವಾರ ನೋಡಿದೆ. ಗಂಡ ಬಾಗಿಲಿಗೆ ಬರುತ್ತಾನೆ, ಅಲ್ಲಿಯವರೆಗೆ ನೀನು ಹೇಳಿದ್ದೇ. ನಾನು ಕೃತಿಕಾಳಿಗೆ, ಈಗ ಕೈ ಹಿಡೀತಾಳೆ ನೋಡು ಅಂದೆ. ಹಿಡಿಯಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು. ಅವನು ಕುಡಿದ. ಚೊಂಬು ಇಸಿದುಕೊಂಡಳು. ಹೋಗಿ ಮಿಷನ್ನಿಗೆ ಕೂತಳು. ಅದರ ಟರಟರ ಸದ್ದು, ಅಷ್ಟೇ, ಮುಗಿಯಿತು. ಹಿಂದಕ್ಕೆ ಹೋಗು ಅಂತ ಕೃತಿಕಾಳ ಕೈಯಲ್ಲಿ ಮೂರು ಸಲ ಹಾಕಿಸಿದೆ. ಮೂರು ಸಲವೂ ನೀರೇ ಕೊಟ್ಟಳು.

ಎಷ್ಟು ಸುಲಭ ಇತ್ತಲ್ಲೇ. ಒಂದು ಚೊಂಬು ನೀರು. ಅವ್ವನ ಮನೆಯಲ್ಲಿ ಅದಕ್ಕೇನು ಬರವೇ?

ಆ ಕೊನೆಯನ್ನು ಅವ್ವ ಹೇಳಿಕೊಟ್ಟಳೇ? ಇಲ್ಲ, ಅಕ್ಕ ತವರಿಗೆ ಬಂದು ಕೂತಿದ್ದರೆ ನಿನ್ನ ಬೀಗರು ಮುಖ ತಿರುಗಿಸುತ್ತಾರೆ ಅಂತ ನೀನೇ ಕಟ್ಟಿದೆಯಾ? ಅವ್ವನನ್ನು ಕೇಳೋಣ ಅಂದರೆ ಹೋಗಿ ಇಪ್ಪತ್ತು ವರ್ಷವಾಯಿತು. ಹೊರಗಿನವರು ಸುಳ್ಳು ಹೇಳಿದ್ದರೆ ಉಗಿದು ಮರೆಯುತ್ತಿದ್ದೆ. ನನ್ನ ಅರ್ಜಿ ಬರೆದ ಕೈಗೆ ಅಂಟಿದ ಹುಣಸೆಹಣ್ಣು ನೋಡುತ್ತ ನಿನ್ನ ಮಾತು ನಂಬಿದ್ದೆ. ಆ ಅರ್ಜಿ ತರೀಕೆರೆಗೆ ಹೋಯಿತೋ, ನಿನ್ನ ಪುಸ್ತಕದಲ್ಲೇ ಉಳಿಯಿತೋ, ಅದನ್ನೂ ಬರೆ.

ನಿನ್ನ ಯಜಮಾನರಿಗೆ ನನ್ನ ಶರಣು ಹೇಳು. ಮಕ್ಕಳು ಮೊಮ್ಮಕ್ಕಳಿಗೆ ಆಶೀರ್ವಾದ, ಗುರು ಬಸವಣ್ಣ ಎಲ್ಲರನ್ನೂ ಚೆನ್ನಾಗಿ ಇಟ್ಟಿರಲಿ. ನಿನ್ನ ಪಾಲಿನ ಆಶೀರ್ವಾದ ನನ್ನ ಹತ್ತಿರವೇ ಇದೆ. ಉತ್ತರ ನೋಡಿ ಕಳಿಸುತ್ತೇನೆ.

ನಿನ್ನ ಅಕ್ಕ,
ಕರಿಬಸಮ್ಮ

ಬರೆಯುವುದು ಮರೆತೆ. ಮರೆಯಲಿಲ್ಲ, ಎದ್ದು ಒಂದು ಚೊಂಬು ನೀರು ಕುಡಿದು ಬಂದು ಬರೆಯುತ್ತಿದ್ದೇನೆ. ಆ ಸಿನಿಮಾವನ್ನೇ ಯಾಕೆ ಹುಡುಕಿದೆ ಅಂತ ಇವತ್ತು ಬೆಳಿಗ್ಗೆ ಕೃತಿಕಾಳನ್ನು ಕೇಳಿದೆ. ಹೋದ ತಿಂಗಳು ನೀನು ಫೋನಿನಲ್ಲಿ ಆ ಕತೆ ಹೇಳಿದೆಯಂತೆ. ಅದೇ ಕೊನೆ, ಅದೇ ಮಾತು, ಅವ್ನು ಕೈ ಎತ್ತಲೇ ಇಲ್ಲ ಕಣಮ್ಮ ಅಂತ. ಸಿನಿಮಾ ಕಣ್ಣಾರೆ ನೋಡಿದ ಮೇಲೂ ಅವಳು “ಚಿಕ್ಕಜ್ಜಿಗೆ ಮರ್ತೋಗಿರ್ಬೇಕು ಬಿಡಜ್ಜಿ, ವಯಸ್ಸಾಯ್ತಲ್ಲ” ಅನ್ನುತ್ತಾಳೆ. ನಾನು ಸಿಡುಕಿ, ನೀನು ತಿಳಿದವಳು, ನಿನ್ನ ಮಾತೇ ಅವಳಿಗೆ ಮೇಲು. ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದಾಳೆ. ಯುಗಾದಿ ಅಲ್ಲೇ ಆಗಬೇಕು ಅಂತ ಬೀರೂರಿನವರು 23ನೇ ತಾರೀಖು ಭಾನುವಾರ ಕರೆಯುವುದಕ್ಕೆ ಬರುತ್ತಾರೆ. ಮರೆತಿರಲಿಲ್ಲ, ಬೇಕಂತಲೇ ಕೊನೆ ಬದಲಾಯಿಸಿ ಹೇಳಿದೆ, ಆವತ್ತೂ, ಈವತ್ತೂ, ಅಂತ ನಿನ್ನ ಕೈಯಾರೆ ಅವಳ ಹೆಸರಿಗೆ ಬರೆ. ನನ್ನ ಕಿವಿಯ ವಿಷಯವನ್ನೂ ಬರೆ. ಫೋನು ಬೇಡ. 20ನೇ ತಾರೀಖು ಗುರುವಾರದೊಳಗೆ ಕಾಗದ ಇಲ್ಲಿಗೆ ಬಂದಿರಬೇಕು.