ನಾಲ್ಕು ಸೆಕೆಂಡಿನ ಬೈಗುಳ

ಅಪ್ಪಾ,

ನೀವು ತೀರಿಕೊಂಡ ಆರು ವರ್ಷಕ್ಕೆ ಇವತ್ತು ನಿಮಗೆ ಭರ್ಜರಿ ಚಪ್ಪಾಳೆ ಬಿತ್ತು. ಪಿಟೀಲಿಗಲ್ಲ, ಬೈಗುಳಕ್ಕೆ.

ನಿಮ್ಮ ಹಳೆಯ ಟೇಪಿನ ಕರಕರ ಸದ್ದನ್ನೆಲ್ಲ ತಿಂಗಳುಗಟ್ಟಲೆ ಕೂತು ತೆಗೆದು, ನಮ್ಮ ಸ್ಟುಡಿಯೋಗೆ ಬರುವ ಸಂಗೀತ ನಿರ್ದೇಶಕನಿಗೆ ಕೇಳಿಸಿದೆ. ಮುಕ್ಕಾಲು ಗಂಟೆಯ ವಾದನವನ್ನು ಆತ ಓಡಿಸಿ ಓಡಿಸಿ ದಾಟಿದ. ನಡುವೆ ನೀವು ಕಮಾನು ನಿಲ್ಲಿಸಿ, "ಏಯ್, ಬಾಗಿಲು ಹಾಕೇ!" ಎಂದು ಗದರುತ್ತೀರಲ್ಲ, ಅಲ್ಲಿ ಕುಣಿದಾಡಿಬಿಟ್ಟ. ಆ ನಾಲ್ಕು ಸೆಕೆಂಡನ್ನು ಕತ್ತರಿಸಿ, ಡ್ರಮ್ಮಿನ ತಾಳದ ಮೇಲೆ ಹದಿನಾರು ಸಲ ಕೂರಿಸಿದ. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಪಿಟೀಲು ಏನ್ರೀ ಪಾಪ ಮಾಡಿತ್ತು?" ಎಂದೆ.

"ಇದು ಆಧುನಿಕೋತ್ತರ ಕಾಲ ಮೇಡಂ. ಶಾಸ್ತ್ರೀಯ ಮೇಲು, ಬೈಗುಳ ಕೀಳು ಅಂತೆಲ್ಲ ಇಲ್ಲ. ಎಲ್ಲಾ ಸದ್ದೇ."

"ಕೂತು ಕೇಳೋಕೆ ತಾಳ್ಮೆ ಇಲ್ಲ, ಅದಕ್ಕೊಂದು ದೊಡ್ಡ ಹೆಸರು ಬೇರೆ!" ಎಂದು ರೇಗಿದೆ.

ಆತ ಸಿಟ್ಟಾಗಲಿಲ್ಲ. "ಅವತ್ತು ಬೈಸ್ಕೊಂಡಿದ್ದು ಯಾರು?" ಎಂದು ಕೇಳಿದ.

"ನಾನೇ."

"ಆಮೇಲೆ ಕೂತು ಕೇಳಿದ್ರಾ?"

ಬಾಗಿಲನ್ನಂತೂ ಹಾಕಿದ್ದೆ, ಅಪ್ಪಾ. ಹೊರಗಿನಿಂದ.